ಹಪ್ಪಳದ ಓಣಿಗೆ ಬೆಳಕು ತರುವ ಕೆಲಸ

ನಮ್ಮೂರಲ್ಲಿ ಬೆಳಗು ತಾನಾಗಿ ಆಗುವುದಿಲ್ಲ, ಯಾರಾದರೂ ಹೋಗಿ ತರಬೇಕು. ಸೂರ್ಯನದೇನೂ ತಪ್ಪಿಲ್ಲ, ಅವನು ದಿನಾ ಹೊತ್ತಿಗೆ ಸರಿಯಾಗಿಯೇ ಹುಟ್ಟುತ್ತಾನೆ. ಆದರೆ ಅವನ ಬೆಳಕು ಊರ ಅಗಸಿಯ ತನಕ ಬಂದು, ಕರೆಯದೆ ಒಳಗೆ ಬರಲು ನಾಚುವ ಬೀಗರ ಹಾಗೆ ಆ ಕಲ್ಲಿನ ಬಾಗಿಲಲ್ಲೇ ನಿಂತುಬಿಡುತ್ತದೆ. ಓಣಿಗೊಬ್ಬರು ಹೋಗಿ ಅದನ್ನು ಕೈಯಿಂದ ಮುಟ್ಟಿ, ತಿರುಗಿ, ತಮ್ಮ ಓಣಿಯ ತನಕ ಓಡಬೇಕು. ಅದು ಹಿಂದಿನಿಂದ ಬರುತ್ತದೆ. ನಡುವೆ ನಿಂತರೆ ಅದೂ ನಿಲ್ಲುತ್ತದೆ, ಒಂದು ಗಳಿಗೆ ಕಾಯುತ್ತದೆ, ಆಮೇಲೆ ವಾಪಸ್ ಅಗಸಿಗೆ ಹೊರಟುಹೋಗುತ್ತದೆ. ಆ ಓಣಿಗೆ ಅವತ್ತು ಇಡೀ ದಿನ ಕತ್ತಲೆಯೇ ಗತಿ. ಬೇರೆ ಊರಿನವರು ಇದನ್ನು ಕೇಳಿದರೆ ಮೂಗಿನ ಮೇಲೆ ಬೆರಳಿಡುತ್ತಾರೆ. ನಮಗೇನು, ನಲ್ಲಿಯಲ್ಲಿ ನೀರು ಬಂತೇ ಎಂದು ಕೇಳುವ ಹಾಗೆ ಬೆಳಕು ಬಂತೇ ಎಂದು ಕೇಳುತ್ತೇವೆ, ಬಂದಿದ್ದರೆ ಕೆಲಸಕ್ಕೆ ಕೂರುತ್ತೇವೆ.

ನನ್ನ ಹೆಸರು ಕಲ್ಲವ್ವ. ಹಪ್ಪಳದ ಓಣಿಗೆ ಬೆಳಕು ತರುವವಳು ನಾನು. ನಮ್ಮದು ಊರಿಗೆಲ್ಲ ದೂರದ ಓಣಿ, ಕೆರೆಯ ಏರಿ ದಾಟಿ ಆಚೆ ಇದೆ. ಏರಿಯ ದಾರಿ ನಮ್ಮ ಓಣಿಗೆ ಮಾತ್ರ ಹೋಗುವುದರಿಂದ ಅಲ್ಲಿ ಬೇರೆಯವರ ಬೆಳಕು ಬೀಳುವುದಿಲ್ಲ. ಹಪ್ಪಳ, ಸಂಡಿಗೆ, ಶಾವಿಗೆ ಮಾಡಿ ಮಾಳಿಗೆಯ ಮೇಲೆ ಒಣಗಿಸಿ ಮಾರುವ ಮಂದಿ ನಾವು, ಬಿಸಿಲೇ ನಮಗೆ ಅನ್ನ. ಆದರೆ ಓಡಬಲ್ಲವರನ್ನು ಹುಡುಕಿದರೆ ಸಿಗುವುದಿಲ್ಲ. ದಿನವಿಡೀ ಮಣೆಯ ಮುಂದೆ ಕೂತು ಲಟ್ಟಿಸುವವರ ಕಾಲು ಹೇಗಿರುತ್ತವೆ ನೀವೇ ಹೇಳಿ. ನನ್ನ ಗಂಡ ಹನಮಂತ ಬಂಗಾರದಂಥ ಮನುಷ್ಯ, ಅವನು ಹೊಲಿದ ಅಂಗಿ ಹರಿದರೂ ಹೊಲಿಗೆ ಬಿಚ್ಚುವುದಿಲ್ಲ, ಆದರೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಅವನ ಒಂದು ಕಾಲು ಸಣ್ಣ. ಪಕ್ಕದ ಮನೆಯ ಬಾಳಪ್ಪನಿಗೆ ಎರಡು ಕಾಲೂ ಕಂಬದಂತಿವೆ, ಅವನು ಮಾತ್ರ ಹುಟ್ಟಿದ್ದೇ ಮಲಗುವುದಕ್ಕೆ. ಕಟ್ಟೆಯ ಮೇಲೆ ಅಂಗಾತ ಬಿದ್ದುಕೊಂಡನೆಂದರೆ ಹೊಟ್ಟೆಯ ಮೇಲೆ ಬೆಕ್ಕು ಮಲಗಿ ಎದ್ದುಹೋದರೂ ಅವನಿಗೆ ಗೊತ್ತಾಗುವುದಿಲ್ಲ.

ನನಗಿಂತ ಮುಂಚೆ ತುಂಗವ್ವ ದೊಡ್ಡವ್ವ ಓಡುತ್ತಿದ್ದಳು. ನಮ್ಮ ಎದುರು ಮನೆಯವಳು, ಓಣಿಗೆಲ್ಲ ಹಿರಿಯಳು. ಅವಳ ಕಾಲದಲ್ಲಿ ತರಬೇತಿ ಗಿರಬೇತಿ ಏನೂ ಇರಲಿಲ್ಲ. ಜ್ವರವಿದ್ದರೂ ಓಡಿದಳು, ಬಸುರಿಯಿದ್ದಾಗಲೂ ಓಡಿದಳು, ಗಂಡ ತೀರಿಕೊಂಡ ದಿನವೂ ಬೆಳಕು ತಂದಿಟ್ಟು ಆಮೇಲೆ ಅಳುವುದಕ್ಕೆ ಕೂತಳು. ಕಡೆಗೆ ಮೊಣಕಾಲುಗಳು ಹೋದವು. ಈಗ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು, ಕಾಲಿಗೂ ಮೆಟ್ಟಿಲಿಗೂ ಸೇರಿಸಿ ಬೈಯುತ್ತಾಳೆ. ಹೀಗೆ ಎಷ್ಟೋ ಓಣಿಗಳ ಕಾಲುಗಳು ಹಾಳಾದ ಮೇಲೆ ಊರಿನ ಹಿರಿಯರು ಓಡುವವರಿಗೆಲ್ಲ ಪಟ್ಟಿ ತರಿಸಿಕೊಟ್ಟರು.

ಪಟ್ಟಿಯೆಂದರೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ರಬ್ಬರಿನ ಪಟ್ಟಿ. ಅದರ ಹೊಟ್ಟೆಯೊಳಗೆ ಹಸಿರು ದೀಪವೊಂದು ಮಿಣಮಿಣ ಎನ್ನುತ್ತ ನಾಡಿ ನೋಡುತ್ತಿರುತ್ತದೆ. ಎಷ್ಟು ನಿದ್ದೆ ಮಾಡಿದೆ, ನಿದ್ದೆಯಲ್ಲಿ ಎದೆ ಎಷ್ಟು ನಿಧಾನ ಬಡಿಯಿತು, ನಿನ್ನೆಯ ದಣಿವು ಇಳಿಯಿತೋ ಇಲ್ಲವೋ, ಹೆಜ್ಜೆ ಉದ್ದ ಬಿತ್ತೋ ಗಿಡ್ಡ ಬಿತ್ತೋ, ಎಲ್ಲ ಅದಕ್ಕೆ ಬೇಕು. ಎಲ್ಲ ಕೂಡಿಸಿ ಕಳೆದು, ಬೆಳಗಿನ ಜಾವ ಮೊಬೈಲಿನಲ್ಲಿ ಆ ದಿನದ ಅಪ್ಪಣೆ ಬರೆಯುತ್ತದೆ. ಇಂದು ಜೋರು ಓಟ. ಇಂದು ಹಗುರ ಓಟ, ಮಾತಾಡುತ್ತ ಓಡುವಷ್ಟು ನಿಧಾನ. ಸಂಜೆ ಏರಿಯ ಮೇಲೆ ಇನ್ನೊಂದು ಸುತ್ತು. ನಿನ್ನೆ ಬರೆದದ್ದನ್ನು ಇವತ್ತು ಮೈ ಒಪ್ಪದಿದ್ದರೆ ತಾನೇ ಅಳಿಸಿ ಬೇರೆ ಬರೆಯುತ್ತದೆ. ನಾನು ಅತ್ತೆಯಿಲ್ಲದ ಮನೆಗೆ ಸೊಸೆಯಾಗಿ ಬಂದವಳು. ಆ ಕೊರತೆಯನ್ನು ಈ ಪಟ್ಟಿ ತುಂಬಿತು. ಹಿಂದಿನ ರಾತ್ರಿ ಮದುವೆ ಮನೆಯಲ್ಲಿ ಹರಟೆ ಹೊಡೆದು ತಡವಾಗಿ ಮಲಗಿದರೆ ಮರುದಿನ ಅದಕ್ಕೆ ಗೊತ್ತು. ಗಂಡನ ಜೊತೆ ಜಗಳವಾಡಿದರೂ ಗೊತ್ತು. ಮೊದಮೊದಲು ನಾನು ಅದಕ್ಕೆ ಎದುರು ಮಾತಾಡುತ್ತಿದ್ದೆ. ಆದರೆ ಇಷ್ಟು ವರ್ಷ ಓಡಿಯೂ ನನ್ನ ಮೊಣಕಾಲು ಒಂದು ಸಲವೂ ಸದ್ದು ಮಾಡಿಲ್ಲ. ಅದರ ಉಪಕಾರ ದೊಡ್ಡದು, ಇಲ್ಲ ಅನ್ನಲಾರೆ.

ಹೋದ ವರ್ಷ ನನಗೆ ಟೈಫಾಯ್ಡ್ ಬಂತು. ಜ್ವರ ಎಂಥದೆಂದರೆ ಹನಮಂತ ನನ್ನ ಹಣೆಯ ಮೇಲಿಟ್ಟ ಒದ್ದೆ ಬಟ್ಟೆ ನೋಡನೋಡುತ್ತ ಒಣಗುತ್ತಿತ್ತು. ಜ್ವರ ಬಿಟ್ಟಿತು, ಆದರೆ ನನ್ನನ್ನೂ ಹಿಂಡಿ ಬಿಟ್ಟಿತು. ಎದ್ದು ಬಚ್ಚಲಿಗೆ ಹೋಗಿ ಬಂದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಪಟ್ಟಿ ದಿನಾ ಒಂದೇ ಮಾತು ಬರೆಯಿತು: ಇಂದು ವಿಶ್ರಾಂತಿ. ಮರುದಿನವೂ ಅದೇ. ಅದರ ಮರುದಿನವೂ ಅದೇ.

ಓಣಿಗೆ ಕತ್ತಲು ಬಂದು ಕೂತಿತು. ಕಂದೀಲು ಹಚ್ಚಿಕೊಂಡೇ ಹಿಟ್ಟು ನಾದಿದರು, ಕಂದೀಲಿನಲ್ಲೇ ಲಟ್ಟಿಸಿದರು. ಹೆಂಗಸರು ಹಪ್ಪಳದ ಚಾಪೆಗಳನ್ನು ತಲೆಯ ಮೇಲೆ ಹೊತ್ತು ಕೆರೆಯಾಚೆಯ ಗಾಣಿಗರ ಓಣಿಗೆ ಹೋಗಿ, ಅಲ್ಲಿಯವರ ಕೈಕಾಲು ಹಿಡಿದು, ಅವರ ಮಾಳಿಗೆಯ ಮೇಲೆ ಹರವಿ ಬರುತ್ತಿದ್ದರು. ಮಟಮಟ ಮಧ್ಯಾಹ್ನ ಟಾರ್ಚು ಹಿಡಿದುಕೊಂಡು ಮನೆಯಿಂದ ಹೊರಟು, ಗಾಣಿಗರ ಓಣಿಯ ಬಾಯಿಗೆ ಬಂದಕೂಡಲೇ ಕಣ್ಣಿಗೆ ಬಿಸಿಲು ಬಡಿದು ತಡವರಿಸುತ್ತಿದ್ದರು. ಕೋಳಿಗಳು ಹೊತ್ತು ಗೊತ್ತಿಲ್ಲದೆ ಕೂಗಿ ಕೂಗಿ ದನಿ ಕೆಡಿಸಿಕೊಂಡವು. ಇಷ್ಟಾದರೂ ನನ್ನ ಮನೆಗೆ ಬಂದವರು ಒಬ್ಬರೂ ಬೆಳಕಿನ ಸುದ್ದಿ ಎತ್ತಲಿಲ್ಲ. ಒಬ್ಬಳು ಗಂಜಿ ತಂದಳು, ಇನ್ನೊಬ್ಬಳು ನುಚ್ಚು ಮಜ್ಜಿಗೆ ತಂದಳು, ತುಂಗವ್ವ ದೊಡ್ಡವ್ವ ಗೋಡೆ ಹಿಡಿದುಕೊಂಡು ಬಂದು ನನ್ನ ತಲೆಗೆ ಎಣ್ಣೆ ಒತ್ತಿ, ಊರ ಮಂದಿಯನ್ನೆಲ್ಲ ಬೈದು ನಗಿಸಿ ಹೋದಳು.

ಅವರು ಎತ್ತದಿದ್ದರೇನು, ನನಗೆ ಗೊತ್ತಿರಲಿಲ್ಲವೇ? ಊರಲ್ಲಿ ಒಂದು ಕಟ್ಟಳೆಯಿದೆ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯ ತನಕ ಯಾವ ಓಣಿಗೆ ಬೆಳಕು ಬರುವುದಿಲ್ಲವೋ ಆ ಓಣಿಯನ್ನು ಮುಚ್ಚುತ್ತಾರೆ. ಅಲ್ಲಿನ ಮನೆಗಳಿಗೆ ಬೀಗ, ಮಂದಿಯನ್ನು ಖಾಲಿ ಮನೆಯಿರುವ ಬೇರೆ ಓಣಿಗಳಿಗೆ ಹಂಚುತ್ತಾರೆ, ಒಬ್ಬರನ್ನು ಆ ಕಡೆ, ಒಬ್ಬರನ್ನು ಈ ಕಡೆ. ನಾನು ಸಣ್ಣವಳಿದ್ದಾಗ ಬಳೆಗಾರರ ಓಣಿ ಹೀಗೆ ಮುಚ್ಚಿತ್ತು. ಒಂದೇ ಗೋಡೆಯ ಎರಡು ಬದಿ ಬದುಕಿದವರು ಈಗ ಸಂತೆಯಲ್ಲಿ ಕಂಡರೆ ಆರಾಮೇನು ಎಂದು ಕೇಳಿ ಮುಂದೆ ಹೋಗುತ್ತಾರೆ. ನಾನು ಬೇಗ ಓಡದಿದ್ದರೆ ನಮ್ಮದೂ ಅದೇ ಪಾಡು. ನಮ್ಮ ಓಣಿಯ ಹುಡುಗರಿಬ್ಬರು ಹೋಗಿ ಪ್ರಯತ್ನ ಮಾಡಿದ್ದರಂತೆ, ಇಬ್ಬರೂ ಏರಿಯ ನಡುವೆ ದಮ್ಮು ಹತ್ತಿ ನಿಂತರಂತೆ. ತರಬೇತಿಯಿಲ್ಲದ ಕಾಲಿಗೆ ನಮ್ಮ ದಾರಿ ದಕ್ಕುವುದಿಲ್ಲ.

ನಾನು ಪಟ್ಟಿಯ ಜೊತೆ ಜಗಳಕ್ಕಿಳಿದೆ. ಅದು ಇಂದು ನಡಿಗೆ, ಮನೆಯೊಳಗೆ ಮಾತ್ರ ಎಂದು ಬರೆದರೆ ನಾನು ಅಂಗಳಕ್ಕೂ ಹೋಗಿ ಬರುತ್ತಿದ್ದೆ. ಮರುದಿನ ಅದು ಸಿಟ್ಟಾದಂತೆ ಮತ್ತೆ ವಿಶ್ರಾಂತಿ ಎಂದು ಬರೆಯುತ್ತಿತ್ತು. ರಾತ್ರಿ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ, ಓಣಿಯ ಚಿಂತೆ. ನಿದ್ದೆ ಕಡಿಮೆಯೆಂದು ಪಟ್ಟಿ ಓಟ ಕೊಡುತ್ತಿರಲಿಲ್ಲ, ಓಟ ಕೊಡಲಿಲ್ಲವೆಂದು ನನಗೆ ನಿದ್ದೆ ಬರುತ್ತಿರಲಿಲ್ಲ. ಒಂದು ದಿನ ತುಂಗವ್ವ ದೊಡ್ಡವ್ವನ ಮುಂದೆ ಇದನ್ನೆಲ್ಲ ಹೇಳಿಕೊಂಡು ಗೊಳೋ ಎಂದು ಅತ್ತೆ. ನನ್ನ ಕಾಲು ತಯಾರಿವೆ, ಈ ಹಾಳಾದ್ದು ಬಿಡುತ್ತಿಲ್ಲ ಅಂದೆ. ಅವಳು ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. ನಿಮ್ಮ ಮನೆಯ ಪ್ಲಗ್ಗು ಸಡಿಲಾಗಿದೆ, ಚಾರ್ಜು ಸರಿಯಾಗಿ ಆಗುತ್ತಿಲ್ಲ, ಅದಕ್ಕೇ ತಲೆಕೆಟ್ಟು ಬರೆಯುತ್ತಿದೆ, ರಾತ್ರಿ ನಮ್ಮ ಮನೆಯಲ್ಲಿ ಚಾರ್ಜಿಗೆ ಹಾಕಿ ಬೆಳಗಾಗುವುದರೊಳಗೆ ಕೊಡುತ್ತೇನೆ ಅಂದಳು. ಪ್ಲಗ್ಗು ಸಡಿಲಾಗಿದ್ದು ನಿಜ. ಕೊಟ್ಟೆ.

ಅಲ್ಲಿಂದ ಎಲ್ಲ ಬದಲಾಯಿತು. ಪಟ್ಟಿ ನನ್ನ ಮೇಲೆ ಒಮ್ಮೆಲೇ ಪ್ರೀತಿ ಬಂದಂತೆ ಬರೆಯತೊಡಗಿತು. ನಿದ್ದೆ ಉತ್ತಮ. ನಾಡಿ ಶಾಂತ. ಇಂದು ನಡಿಗೆ, ಓಣಿಯ ತುದಿಯ ತನಕ. ಇಂದು ಹಗುರ ಓಟ. ನನಗೆ ಒಳಗೊಳಗೆ ಸುಸ್ತು ಅನ್ನಿಸುತ್ತಿತ್ತು, ಆದರೆ ಇಷ್ಟು ವರ್ಷ ಅದು ನನ್ನ ಮೈಯನ್ನು ನನಗಿಂತ ಚೆನ್ನಾಗಿ ಓದಿದೆಯಲ್ಲ, ಈಗಲೂ ಅದಕ್ಕೇ ಗೊತ್ತಿರಬೇಕು ಎಂದುಕೊಂಡೆ. ರಾತ್ರಿಯೆಲ್ಲ ಹೊರಳಾಡಿದವಳಿಗೆ ನಿದ್ದೆ ಉತ್ತಮ ಎಂದು ಯಾಕೆ ಬರುತ್ತದೆ ಎಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ. ಬಯಸಿದ ಮಾತನ್ನು ಹೇಳುವವರನ್ನು ಯಾರು ಅನುಮಾನಿಸುತ್ತಾರೆ? ಅಮಾವಾಸ್ಯೆ ಇನ್ನೇನು ಹತ್ತಿರ ಬಂತೆನ್ನುವಾಗ ಒಂದು ಬೆಳಗಿನ ಜಾವ ನಾನು ಕಾಯುತ್ತಿದ್ದ ಮಾತು ಬಂತು: ಇಂದು ಪೂರ್ತಿ ಓಟ.

ಹನಮಂತ ಬೇಡ ಅಂದ. ಇನ್ನೂ ಮುಖದಲ್ಲಿ ರಕ್ತವಿಲ್ಲ ಅಂದ. ನಾನು ಪಟ್ಟಿ ತೋರಿಸಿದೆ. ಅವನು ಬಗ್ಗಿ ನನ್ನ ಬೂಟಿನ ಲೇಸು ಕಟ್ಟಿದ.

ಅಗಸಿಯಲ್ಲಿ ಬೆಳಕು ನಿಂತಿತ್ತು. ಅದನ್ನು ಮುಟ್ಟಿದಾಗ ಬೆಚ್ಚಗೆ ಅನ್ನಿಸಿ ಕಣ್ಣು ತುಂಬಿ ಬಂತು, ಎಷ್ಟು ದಿನವಾಗಿತ್ತು. ತಿರುಗಿ ಓಡಿದೆ. ಪೇಟೆ ದಾಟುವ ತನಕ ಹುರುಪಿನಲ್ಲೇ ಬಂದೆ. ಏರಿ ಹತ್ತಿದ ಮೇಲೆ ಎದೆಯಲ್ಲಿ ಯಾರೋ ಒನಕೆ ಕುಟ್ಟಿದಂತಾಯಿತು. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದು ಹೇಳಿಕೊಳ್ಳುತ್ತ ಅರ್ಧ ಏರಿಯ ತನಕ ಕಾಲೆಳೆದೆ. ಅಲ್ಲಿ ಕಾಲು ಮಡಚಿಹೋದವು. ದಾರಿಯಲ್ಲೇ ಕುಸಿದು ಕೂತೆ. ನನ್ನ ಬೆನ್ನಿನ ಮೇಲೆ ಬಿಸಿಲು ಬಿದ್ದಿತ್ತು. ಅದು ಕಾಯಿತು, ನಾನು ಏಳಲಿಲ್ಲ, ಏಳಲಾಗಲಿಲ್ಲ. ಆಮೇಲೆ ಬೆನ್ನು ತಣ್ಣಗಾಯಿತು.

ನನ್ನನ್ನು ಹುಡುಕಿಕೊಂಡು ಬಂದವನು ಬಾಳಪ್ಪ. ಟಾರ್ಚು ಬಿಟ್ಟುಕೊಂಡು ಏದುಸಿರು ಬಿಡುತ್ತ ಓಡಿ ಬರುತ್ತಿದ್ದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಬೆನ್ನ ಮೇಲೆ ಹಾಕಿಕೊಂಡು ಹೊರಟ. ನಾನು ಪಟ್ಟಿಗೆ ಶಾಪ ಹಾಕುತ್ತಿದ್ದೆ. ಸುಳ್ಳು ಬರೆಯಿತು, ನಂಬಿಸಿ ಕುತ್ತಿಗೆ ಕೊಯ್ದಿತು, ಬಿಚ್ಚಿ ಕೆರೆಗೆ ಎಸೆದುಬಿಡುತ್ತೇನೆ ಎನ್ನುತ್ತಿದ್ದೆ. ಅವನು ಸ್ವಲ್ಪ ದೂರ ಕೇಳಿಸಿಕೊಂಡು ನಡೆದ. ಆಮೇಲೆ ನಿಂತ.

“ಅದರ ತಪ್ಪಿಲ್ಲ ಅಕ್ಕಾ,” ಅಂದ. “ಆ ನಿದ್ದಿ ನಂದು.”

ನನಗೆ ಅರ್ಥವಾಗಲಿಲ್ಲ. ಅವನು ಮತ್ತೆ ನಡೆಯುತ್ತ, ನನ್ನ ಮುಖ ನೋಡುವ ಕೆಲಸವಿಲ್ಲದ್ದಕ್ಕೆ ಧೈರ್ಯ ಬಂದು, ಎಲ್ಲ ಹೇಳಿದ. ತುಂಗವ್ವ ದೊಡ್ಡವ್ವ ದಿನಾ ರಾತ್ರಿ ಪಟ್ಟಿಯನ್ನು ಒಂದು ಗಳಿಗೆ ಚಾರ್ಜಿಗೆ ಹಾಕಿ, ಆಮೇಲೆ ತಂದು ಅವನ ಕೈಗೆ ಕಟ್ಟುತ್ತಿದ್ದಳು. ಓಣಿಯಲ್ಲೆಲ್ಲ ಅವನಷ್ಟು ಸುಖವಾಗಿ ನಿದ್ದೆ ಮಾಡುವವರು ಬೇರೆ ಯಾರೂ ಇರಲಿಲ್ಲವಲ್ಲ. ಮಲಗುವುದಷ್ಟೇ ನಿನ್ನ ಕೆಲಸ, ಚೆನ್ನಾಗಿ ಮಲಗು ಎಂದು ಹೇಳಿ ಬಾಗಿಲು ಮುಂದೆ ಮಾಡಿ ಹೋಗುತ್ತಿದ್ದಳು. ಬೆಳಗಿನ ಜಾವ ಬಂದು ಬಿಚ್ಚಿಕೊಂಡು ನನಗೆ ತಂದು ಕೊಡುತ್ತಿದ್ದಳು. ಓಣಿಯ ಮಂದಿಗೆಲ್ಲ ಗೊತ್ತಿತ್ತು, ನನಗೂ ಹನಮಂತನಿಗೂ ಮಾತ್ರ ಗೊತ್ತಿರಲಿಲ್ಲ. ಬಾಳಪ್ಪ ಹುಟ್ಟಿದ ಮೇಲೆ ಯಾರಾದರೂ ಅವನ ನಿದ್ದೆಯಿಂದ ಒಂದು ಉಪಯೋಗ ಕಂಡದ್ದು ಅದೇ ಮೊದಲಂತೆ, ಅದಕ್ಕೆ ಅವನು ಮನಸ್ಸಿಟ್ಟು ಮಲಗಿದ್ದನಂತೆ.

ಮನೆಗೆ ಬಂದವಳೇ ನಾನು ಕುಡಿಯಲು ಕೊಟ್ಟ ನೀರನ್ನೂ ಮುಟ್ಟದೆ ತುಂಗವ್ವ ದೊಡ್ಡವ್ವನನ್ನು ಕರೆಸಿದೆ. ಅವಳು ಬಾಗಿಲ ಹತ್ತಿರವೇ ನಿಂತಳು, ಹಿಂದೆ ಓಣಿಯ ಹೆಂಗಸರು ಕಂದೀಲು ಹಿಡಿದು ನಿಂತರು. ನಾನು ಬಾಯಿಗೆ ಬಂದಂತೆ ಅಂದೆ. ನನ್ನನ್ನು ಕೊಲ್ಲಬೇಕೆಂದಿದ್ದಿರಾ, ಅದು ನನ್ನ ಎದೆ ನೋಡುವ ಯಂತ್ರ, ನಿಮ್ಮ ಬಾಳಪ್ಪನ ಎದೆ ನೋಡಿ ನನ್ನನ್ನು ಓಡಿಸಿತು, ನಾಳೆ ನಾನು ಸತ್ತರೆ ಅವನ ನಿದ್ದೆಯನ್ನೇ ಹೊದಿಸಿ ಹೂಳುತ್ತೀರಾ ಎಂದು ಕೇಳಿದೆ. ಅವಳು ಯಾರಿಗೂ ಸೋಲದ ಬಾಯಿಯವಳು, ಅವತ್ತು ದನಿ ತಗ್ಗಿಸಿದಳು. ನಮ್ಮ ಕಾಲದಲ್ಲಿ ಓಡು ಎಂದರೆ ಓಡುತ್ತಿದ್ದೆವು, ನಿನಗೂ ಓಡು ಎನ್ನುವವರು ಬೇಕಾಗಿದ್ದಾರೆ, ಅಷ್ಟು ಸಿಕ್ಕರೆ ಕಾಲಿಗೆ ತಾನೇ ಬಲ ಬರುತ್ತದೆ ಎಂದುಕೊಂಡೆ ಎಂದಳು. ಪಟ್ಟಿ ಬಿಟ್ಟರೆ ನೀನು ಓಡಬಲ್ಲೆ ಎಂದು ನೀನೇ ಅತ್ತೆಯಲ್ಲ ಎಂದಳು. ಅದು ನಿಜವೇ ಆಗಿತ್ತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಬೆಳಕು ಅಷ್ಟು ಅವಸರವಾಗಿ ಬೇಕಿದ್ದರೆ ಬೇರೆ ಯಾರನ್ನಾದರೂ ಹಚ್ಚಬೇಕಿತ್ತು, ನನ್ನ ಜೀವ ಯಾಕೆ ತೆಗೆಯಬೇಕಿತ್ತು ಎಂದು ಕೂಗಿದೆ.

ಆಗ ಹಿಂದಿನಿಂದ ಯಾರೋ ಹೇಳಿದರು, ತರುತ್ತೇನೆಂದು ಒಬ್ಬ ಬಂದಿದ್ದನಲ್ಲ ಎಂದು. ಪೇಟೆ ಓಣಿಯ ಓಟಗಾರ ಯಲ್ಲೇಶ ನನಗೆ ಜ್ವರ ಬಂದ ಹೊಸತರಲ್ಲೇ ಬಂದಿದ್ದನಂತೆ. ಒಳ್ಳೆ ಪ್ರಾಯದ ಹುಡುಗ, ಜಿಂಕೆಯ ಹಾಗೆ ಓಡುತ್ತಾನೆ. ತನ್ನ ಓಣಿಯ ಬೆಳಕು ಮುಗಿಸಿ ನಿಮ್ಮದೂ ತಂದುಕೊಡುತ್ತೇನೆ ಅಂದಿದ್ದನಂತೆ. ಆದರೆ ಕಟ್ಟಳೆಯಂತೆ ಒಂದು ಓಣಿಗೆ ಒಬ್ಬರೇ ಓಟಗಾರರು, ಬೇರೆ ಓಣಿಯವನು ತರಬೇಕಾದರೆ ಹಿರಿಯರ ಪುಸ್ತಕದಲ್ಲಿ ಅವನ ಹೆಸರು ಏರಬೇಕು, ಅದು ಏರಿದ ದಿನ ನನ್ನ ಹೆಸರು ಇಳಿಯಬೇಕು, ಮತ್ತೆ ಏರಿಸುವ ಹಾಗಿಲ್ಲ. ಓಣಿಯವರು ಅವನಿಗೆ ಚಹಾ ಕುಡಿಸಿ, ಕೈಮುಗಿದು ಕಳಿಸಿದ್ದರು. ಇದನ್ನೂ ನನಗೆ ಯಾರೂ ಹೇಳಿರಲಿಲ್ಲ.

ತುಂಗವ್ವ ದೊಡ್ಡವ್ವ ನನ್ನ ಹಾಸಿಗೆಯ ಅಂಚಿಗೆ ಬಂದು ಕೂತಳು. “ಬರೇ ಬೆಳಕ ಬೇಕಾಗಿದ್ರ ಅವತ್ತ ತರಿಸ್ತಿದ್ವಿ ತಂಗಿ,” ಅಂದಳು. “ನಮಗ ನೀ ಬೇಕಾಗಿದ್ದಿ.”

ಅಷ್ಟು ದಿನ ಕತ್ತಲಲ್ಲಿ ಕೂತು, ಪರರ ಮಾಳಿಗೆಯಲ್ಲಿ ಹಪ್ಪಳ ಹರವಿ, ಅವರಿಂದ ಮಾತು ಅನ್ನಿಸಿಕೊಂಡು ಬಂದು, ನನಗೆ ನುಚ್ಚು ಮಜ್ಜಿಗೆ ಕುಡಿಸಿ ನಗಿಸಿ ಹೋದವರು ಇವರು. ಮಾಡಿದ್ದು ಹುಚ್ಚು ಕೆಲಸ, ಆದರೆ ನನ್ನ ಮೇಲಿನ ಪ್ರೀತಿಗೆ ಮಾಡಿದ್ದು. ಅವಳ ಮಡಿಲಲ್ಲಿ ಮುಖವಿಟ್ಟು ಅತ್ತೆ. ಬಾಗಿಲಲ್ಲಿ ನಿಂತವರೂ ಅತ್ತರು. ಬಾಳಪ್ಪ ಎಲ್ಲರಿಗಿಂತ ಜೋರಾಗಿ ಅತ್ತ.

ಆಮೇಲೆ ಪಟ್ಟಿ ನನ್ನ ಕೈಯಲ್ಲೇ ಉಳಿಯಿತು, ರಾತ್ರಿಯೂ ಹಗಲೂ. ಅದು ನನ್ನ ನಿಜವಾದ ಎದೆಯನ್ನು ನೋಡಿ ಗಾಬರಿಯಾದಂತೆ ಬರೆದದ್ದನ್ನೆಲ್ಲ ಅಳಿಸಿತು. ಮುಂದಿನ ವಾರದ ಓಟಗಳು ಹೋದವು, ಅದರ ಮುಂದಿನ ವಾರದವೂ ಹೋದವು. ವಿಶ್ರಾಂತಿ, ವಿಶ್ರಾಂತಿ, ವಿಶ್ರಾಂತಿ. ನಾನು ಈ ಸಲ ಜಗಳ ಮಾಡಲಿಲ್ಲ. ಹೇಳಿದಷ್ಟು ಮಲಗಿದೆ. ಹೊರಗೆ ಪಾತ್ರೆ ಕಟ್ಟುವ ಸದ್ದು, ಮಣೆಗಳನ್ನು ಗೋಣಿಚೀಲಕ್ಕೆ ತುಂಬುವ ಸದ್ದು ಕೇಳುತ್ತಿತ್ತು. ಯಾರು ಯಾವ ಓಣಿಗೆ ಎಂದು ಹಿರಿಯರು ಹೇಳಿಕಳಿಸಿದ್ದರು. ತುಂಗವ್ವ ದೊಡ್ಡವ್ವ ಕುಂಬಾರರ ಓಣಿಗೆ, ಬಾಳಪ್ಪ ಸಂತೆಯ ಹತ್ತಿರಕ್ಕೆ, ನಾವು ಅಗಸಿಯ ಪಕ್ಕಕ್ಕೆ. ಯಲ್ಲೇಶನನ್ನು ಕರೆಸಿ, ನನ್ನ ಹೆಸರು ತೆಗೆದುಹಾಕಿ ಎಂದು ನಾನೇ ಕೈಮುಗಿದು ಕೇಳಿಕೊಂಡೆ. ಒಬ್ಬರೂ ಒಪ್ಪಲಿಲ್ಲ. ಹೋಗುವುದಾದರೆ ಎಲ್ಲರೂ ಹೋಗೋಣ ಅಂದರು.

ಅಮಾವಾಸ್ಯೆಯ ದಿನ ಬೆಳಗಿನ ಜಾವ ಪಟ್ಟಿ ಹೊಸ ಮಾತು ಬರೆಯಿತು: ಇಂದು ನಡಿಗೆ, ಬಹಳ ನಿಧಾನ, ಅಗಸಿಯ ತನಕ ಹೋಗಿ ಬರುವಷ್ಟು. ಓಡಬಾರದು. ನಿಲ್ಲಬೇಕೆನಿಸಿದರೆ ಇನ್ನೂ ನಿಧಾನ ನಡೆಯಿರಿ. ಪಟ್ಟಿಗೆ ಅದು ಯಾವ ದಿನವೆಂದು ಏನು ಗೊತ್ತು? ನನ್ನ ನಾಡಿ ನೋಡಿ ಬರೆದಿತ್ತು ಅಷ್ಟೇ. ನಾನು ಹನಮಂತನಿಗೆ ಹೇಳಿ ಟಾರ್ಚು ಹಿಡಿದು ಹೊರಟೆ. ಓಣಿಯಲ್ಲಿ ಗಂಟುಮೂಟೆಗಳು ಕಟ್ಟೆಯ ಮೇಲೆ ಬಂದು ಕೂತಿದ್ದವು. ಹಿರಿಯ ಚನಬಸಣ್ಣ ಟ್ರ್ಯಾಕ್ಟರಿನ ಜೊತೆ ಬರುವವರಿದ್ದರು. ಬೆಳಕು ತರುವ ಆಸೆ ನನಗಿರಲಿಲ್ಲ. ಇಷ್ಟು ವರ್ಷ ಓಡಿದ ದಾರಿಯಲ್ಲಿ ಒಂದು ಸಲ ನಡೆದು ಬರೋಣ ಅನ್ನಿಸಿತು.

ಅಗಸಿ ಮುಟ್ಟುವಷ್ಟರಲ್ಲಿ ಬೇರೆ ಓಣಿಯವರೆಲ್ಲ ತಮ್ಮ ತಮ್ಮ ಬೆಳಕು ಕರೆದುಕೊಂಡು ಹೋಗಿದ್ದರು. ನಮ್ಮದೊಂದು ಉಳಿದಿತ್ತು, ಬಾಗಿಲಿಗೆ ಒರಗಿಕೊಂಡು. ಅದನ್ನು ನೋಡಿ ನನಗೆ ಕೆಟ್ಟದೆನಿಸಿತು. ಹತ್ತಿರ ಹೋಗಿ ಕೈಯಿಟ್ಟೆ. ಇಷ್ಟು ದಿನ ಬಂದೆಯಲ್ಲ, ನಿನ್ನ ಉಪಕಾರ ಮರೆಯುವುದಿಲ್ಲ, ನನ್ನಿಂದ ಇನ್ನು ಆಗುವುದಿಲ್ಲ ಎಂದು ಹೇಳಿದೆ. ಹೇಳಿ ತಿರುಗಿ ಮನೆಯ ದಾರಿ ಹಿಡಿದೆ. ಪಟ್ಟಿ ಹೇಳಿದಂತೆ, ಬಹಳ ನಿಧಾನ.

ಏರಿ ಹತ್ತಿದ ಮೇಲೆ ಟಾರ್ಚು ಮಂದವಾಯಿತೇ ಎಂದು ನೋಡಿದೆ. ಟಾರ್ಚು ಸರಿಯಾಗಿಯೇ ಇತ್ತು. ನೆಲದ ಮೇಲೆ ಉದ್ದಕ್ಕೆ ಒಂದು ನೆರಳು ಬಿದ್ದಿತ್ತು, ಸೀರೆಯ ಸೆರಗು, ಕೊರಳು, ತಲೆ. ನನ್ನದೇ ನೆರಳು, ನನ್ನ ಮುಂದೆ. ನನ್ನ ಬೆನ್ನು ಬೆಚ್ಚಗಿತ್ತು. ಎದೆ ಜೋರಾಗಿ ಬಡಿಯಿತು. ಪಟ್ಟಿ ಮಣಿಕಟ್ಟಿನಲ್ಲಿ ಗುಂಯ್ ಎಂದು ನಿಧಾನ, ನಿಧಾನ ಅಂದಿತು. ನಾನು ಹಿಂದೆ ತಿರುಗಿ ನೋಡಲಿಲ್ಲ, ನೋಡಲು ನಿಲ್ಲಬೇಕಾಗುತ್ತಿತ್ತು. ಇನ್ನೂ ನಿಧಾನ ಮಾಡಿದೆ. ಅದೂ ನಿಧಾನವಾಯಿತು. ದಮ್ಮು ಹತ್ತಿದಾಗ ಒಂದೊಂದೇ ಅಡಿ ಎತ್ತಿಟ್ಟೆ. ಅದೂ ಹಾಗೇ ಬಂತು. ಓಡಬೇಕು ಎಂದು ಹೇಳಿಕೊಟ್ಟಿದ್ದರು, ಓಡಿದ್ದೆವು. ಒಂದು ಓಣಿಯ ಹಗಲನ್ನು ಪಣಕ್ಕಿಟ್ಟು ನಡೆದು ನೋಡುವ ಧೈರ್ಯ ಯಾರಿಗಿತ್ತು? ಪಕ್ಕದಲ್ಲಿ ಕೆರೆಯ ನೀರು ದಂಡೆಯಿಂದ ಒಳಗೊಳಗೆ ಬೆಳ್ಳಗಾಗುತ್ತ ಹೋಗುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಓಡುವವಳಿಗೆ ಅದೆಲ್ಲ ಎಲ್ಲಿ ಕಾಣುತ್ತದೆ? ಅಳುತ್ತ, ನಗುತ್ತ, ಮೂಗು ಒರೆಸಿಕೊಳ್ಳಲೂ ನಿಲ್ಲದೆ ನಡೆದೆ.

ಓಣಿಯ ಬಾಯಿಯಲ್ಲಿ ಟ್ರ್ಯಾಕ್ಟರು ನಿಂತಿತ್ತು. ಅದರ ತುಂಬ ನಮ್ಮ ಮಂದಿಯ ಮಣೆ, ಕೊಡ, ಹಾಸಿಗೆ. ನಾನು ದಾಟಿ ಹೋದೆ, ಬೆಳಕು ನನ್ನ ಹಿಂದೆ ಒಂದೊಂದೇ ಮನೆಯ ಮೇಲೆ ಬೀಳುತ್ತ ಬಂತು. ಮೊದಲು ಟ್ರ್ಯಾಕ್ಟರು, ಆಮೇಲೆ ಬಾಳಪ್ಪನ ಕಟ್ಟೆ, ಆಮೇಲೆ ನಮ್ಮ ಬಾಗಿಲಲ್ಲಿ ಕಂದೀಲು ಹಿಡಿದು ನಿಂತ ಹನಮಂತ. ಯಾರೂ ಮಾತಾಡಲಿಲ್ಲ. ಮಾತಾಡಿದರೆ ನಾನು ನಿಂತುಬಿಟ್ಟೇನು ಎಂಬ ಹೆದರಿಕೆ. ಕಡೆಯ ಮನೆಯ ಗೋಡೆ ಮುಟ್ಟಿದ ಮೇಲೆ ನಾನು ನಿಂತೆ. ಬೆಳಕು ಓಣಿಯ ತುಂಬ ನೆಲೆಯಾಗಿ ಕೂತಿತು.

ಚನಬಸಣ್ಣ ಹಿಂದೆಯೇ ಬಂದರು. ವಯಸ್ಸಾದ ಮನುಷ್ಯ, ಕಟ್ಟಳೆ ಎಂದರೆ ಕಟ್ಟಳೆ ಅನ್ನುವವರು. ಓಡಿ ತಂದೆಯೋ ಎಂದು ಕೇಳಿದರು.

“ಇಲ್ರಿ,” ಅಂದೆ. “ನಾ ನಡಕೋತ ಬಂದೆ. ಅದೂ ನಡಕೋತ ಬಂತು.”

ಅವರು ನೆಲದ ಮೇಲೆ ಬಿದ್ದ ತಮ್ಮ ನೆರಳನ್ನು ನೋಡಿದರು. ಓಣಿಗೆ ಬೆಳಕು ಬರಬೇಕು ಅಂತ ಕಟ್ಟಳೆ, ಹೆಂಗೆ ಬರಬೇಕು ಅಂತಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಟ್ರ್ಯಾಕ್ಟರಿಗೆ ಹೋಗಿ, ತುಂಗವ್ವ ದೊಡ್ಡವ್ವನ ತಾಮ್ರದ ಕೊಡವನ್ನು ತಾವೇ ಇಳಿಸಿ ತಂದು ಅವಳ ಹೊಸ್ತಿಲ ಮೇಲಿಟ್ಟರು. ಆಗ ಓಣಿಯ ಬಾಯಿ ಬಿಚ್ಚಿತು. ಎಲ್ಲರೂ ಒಟ್ಟಿಗೆ ಮಾತಾಡುತ್ತ, ಅಳುತ್ತ, ಒಬ್ಬರ ಮಣೆ ಇನ್ನೊಬ್ಬರ ಮನೆಗೆ ಒಯ್ಯುತ್ತ ಗದ್ದಲವೆಬ್ಬಿಸಿದರು.

ನನ್ನನ್ನು ಬಾಳಪ್ಪನ ಕಟ್ಟೆಯ ಮೇಲೆ ಕೂರಿಸಿದರು. ತುಂಗವ್ವ ದೊಡ್ಡವ್ವ ನೆಲದ ಮೇಲೆ ಕೂತು ನನ್ನ ಬೂಟು ಬಿಚ್ಚಿ ಪಾದ ಒತ್ತತೊಡಗಿದಳು. ನೀವು ಹಿರಿಯರು, ನನ್ನ ಕಾಲು ಮುಟ್ಟಬೇಡಿ ಎಂದು ಎಳೆದುಕೊಂಡೆ. ಅವಳು ಬಿಡಲಿಲ್ಲ. ಅಷ್ಟರಲ್ಲಿ ಪಟ್ಟಿ ಮತ್ತೆ ಗುಂಯ್ ಅಂದಿತು. ಏನಂತೆ ಎಂದು ಕೇಳಿದಳು. ನಾನು ಮೊಬೈಲು ನೋಡಿದೆ. ಇಷ್ಟು ಸಂತೋಷದ ನಡುವೆ ಹೇಗೆ ಹೇಳುವುದು? ಅವಳು ಬಿಡದೆ ಕೇಳಿದಳು. ಕಡೆಗೆ ಹೇಳಿದೆ, ಇವತ್ತು ಬಹಳ ದಣಿವಾಗಿದೆಯಂತೆ, ನಾಳೆ ವಿಶ್ರಾಂತಿಯಂತೆ, ನಾಳೆ ಮತ್ತೆ ಓಣಿಗೆ ಕತ್ತಲೆ.

ಗದ್ದಲ ನಿಂತಿತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಬಿಸಿಲು ಅವರ ಮುಖದ ಮೇಲಿತ್ತು, ಎಷ್ಟೋ ದಿನದ ಮೇಲೆ ನಾನು ಅವರ ಮುಖ ಸರಿಯಾಗಿ ನೋಡಿದ್ದು, ಎಲ್ಲರೂ ಸೊರಗಿದ್ದರು. ತುಂಗವ್ವ ದೊಡ್ಡವ್ವ ನನ್ನ ಇನ್ನೊಂದು ಕಾಲನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು.

“ಹಂಗಾರ ನಾಳಿ ಎಲ್ಲಾರೂ ಮಲಗೂಣು,” ಅಂದಳು.